3 ಎಕರೆ 26 ಗುಂಟೆಯ ದ್ವೀಪ

ಜಪಾನಿನ ನಾಗಸಾಕಿ ಬಂದರಿನಲ್ಲಿ ಮನುಷ್ಯರೇ ಮಣ್ಣು ತುಂಬಿ ಕಟ್ಟಿದ ಒಂದು ದ್ವೀಪ ಇತ್ತು. ಹೆಸರು ದೆಜಿಮಾ. ಹಳೆಯ ಡಚ್ ನಕ್ಷೆಗಳಲ್ಲಿ ದೆಶಿಮಾ ಅಂತ ಬರೆದಿರುತ್ತಾರೆ. ಕಡಲ ಕಡೆಯ ಅಂಚು ಸುಮಾರು 233 ಮೀಟರ್. ಊರ ಕಡೆಯ ಅಂಚು ಸುಮಾರು 190. ಎರಡೂ ಪಕ್ಕ ಸುಮಾರು 70 ಮೀಟರ್. ನಮ್ಮ 33 ಅಡಿಯ ಸರಪಳಿ ಹಿಡಿದರೆ ಅಗಲ ಹೆಚ್ಚುಕಡಿಮೆ 7 ಸರಪಳಿ, ಉದ್ದ ಸರಾಸರಿ 21 ಸರಪಳಿ. ಒಟ್ಟು 3 ಎಕರೆ 26 ಗುಂಟೆ ಬರುತ್ತದೆ, ಒಂದು ಗುಂಟೆ ಆಚೀಚೆ ಆಗಬಹುದು. ಭಾಲ್ಕಿ ಕಡೆ ಒಬ್ಬ ಸಣ್ಣ ರೈತನ ತೊಗರಿ ಹೊಲದಷ್ಟು ಜಾಗ. ಅಷ್ಟರಲ್ಲೇ ಕೂತು ಡಚ್ಚರು 1641ರಿಂದ ಇನ್ನೂರು ವರ್ಷಕ್ಕೂ ಜಾಸ್ತಿ ಕಾಲ ಜಪಾನಿನ ಜೊತೆ ವ್ಯಾಪಾರ ಮಾಡಿದರು. ಅಷ್ಟು ವರ್ಷ ಯುರೋಪಿನ ಬೇರೆ ಯಾವ ದೇಶದವರಿಗೂ ಅಲ್ಲಿ ಆ ಅವಕಾಶ ಇರಲಿಲ್ಲ.

ನಾನು ಬೀದರಿನಲ್ಲಿ ಭೂಮಾಪನದ ಕೆಲಸ ಮಾಡುವವನು. ದಿನವೂ ಕೈಗೆ ಬರುವುದು ಟಿಪ್ಪಣಿ, ಆಕಾರಬಂದ್, ನಿಜಾಮರ ಕಾಲದ ಸೇತ್ವಾರ್, ಹೀಗೆ ಜಮೀನಿನ ಅಳತೆಯ ದಾಖಲೆಗಳು. ಹಳೆಯ ನಕ್ಷೆ ಕಂಡರೆ ಬಿಡೋಕೆ ಆಗುವುದಿಲ್ಲ, ಯಾವ ದೇಶದ್ದಾದರೂ ಸರಿ. ನೆದರ್ಲೆಂಡ್ಸಿನ ರಾಷ್ಟ್ರೀಯ ದಾಖಲೆ ಸಂಗ್ರಹ, ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಂ ಇವರೆಲ್ಲ ಡಚ್ ಈಸ್ಟ್ ಇಂಡಿಯಾ ಕಂಪನಿ ಕಾಲದ ನಕ್ಷೆಗಳನ್ನು, ಚಿತ್ರಗಳನ್ನು ದೊಡ್ಡ ಸ್ಕ್ಯಾನ್ ಮಾಡಿ ನೆಟ್ಟಿನಲ್ಲಿ ಇಟ್ಟಿದ್ದಾರೆ. ಊಟ ಆದಮೇಲೆ ಕೂತು ಅವನ್ನು ಹಿಗ್ಗಿಸಿ ಹಿಗ್ಗಿಸಿ ನೋಡುವುದು ನನಗೆ ಬಹಳ ಇಷ್ಟದ ಕೆಲಸ. ಕೊಚ್ಚಿ, ನಾಗಪಟ್ಟಣ, ಬಟಾವಿಯಾ (ಇವತ್ತಿನ ಜಕಾರ್ತಾ) ಎಲ್ಲ ಇವೆ. ಆದರೆ ಮತ್ತೆ ಮತ್ತೆ ಮನಸ್ಸು ಹೋಗುವುದು ದೆಜಿಮಾಕ್ಕೆ. ಯಾಕೆ ಅಂದರೆ ಇಷ್ಟು ಚಿಕ್ಕ ಜಾಗವನ್ನು ಇಷ್ಟೊಂದು ಜನ, ಇಷ್ಟೊಂದು ಕಡೆ ನಿಂತು ಬರೆದ ಉದಾಹರಣೆ ನಾನು ಬೇರೆ ಕಂಡಿಲ್ಲ.

ನಕ್ಷೆ ಕೈಗೆ ಬಂದ ಕೂಡಲೇ ನಾನು ಕೇಳುವುದು ಒಂದೇ ಪ್ರಶ್ನೆ. ಬರೆದವನು ಎಲ್ಲಿ ನಿಂತಿದ್ದ? ಹೊಲಕ್ಕೆ ಇಳಿದು ಬಾಂದುಕಲ್ಲು ಮುಟ್ಟಿ ಬರೆದ ಟಿಪ್ಪಣಿ ಬೇರೆ. ಅದನ್ನು ನೋಡಿ ಕಚೇರಿಯಲ್ಲಿ ಕೂತು ನೀಟಾಗಿ ಎಳೆದ ನಕ್ಷೆ ಬೇರೆ. ಎರಡನೆಯದು ನೋಡೋಕೆ ಚಂದ. ಜಗಳ ಬಿದ್ದಾಗ ಕೋರ್ಟಿನಲ್ಲಿ ನಿಲ್ಲುವುದು ಮೊದಲನೆಯದು. ದೆಜಿಮಾದ ಚಿತ್ರಗಳನ್ನೂ ನಾನು ಹೀಗೇ ಬೇರೆ ಬೇರೆ ಮಾಡಿ ಇಟ್ಟುಕೊಂಡಿದ್ದೇನೆ.

ಮೊದಲು ಆ ದ್ವೀಪ ಯಾಕೆ ಹುಟ್ಟಿತು ಅಂತ ಹೇಳಬೇಕು. ಆಗ ಜಪಾನನ್ನು ಆಳುತ್ತಿದ್ದ ತೊಕುಗಾವಾ ಮನೆತನಕ್ಕೆ ಕ್ರೈಸ್ತ ಮತ ಪ್ರಚಾರದ ಭಯ ಇತ್ತು. ನಾಗಸಾಕಿ ಊರೊಳಗೆ ಪೋರ್ಚುಗೀಸರು ಮನೆ ಮಾಡಿಕೊಂಡು ಜನರ ಜೊತೆ ಬೆರೆತಿದ್ದರು. ಅವರನ್ನು ಒಂದು ಕಡೆ ಕೂಡಿಹಾಕಬೇಕು ಅಂತ 1634ರಲ್ಲಿ ಸಮುದ್ರಕ್ಕೆ ಮಣ್ಣು ತುಂಬಿಸಲು ಶುರು ಮಾಡಿದರು. 1636ಕ್ಕೆ ಮುಗಿಯಿತು. ದುಡ್ಡು ಹಾಕಿದವರು ನಾಗಸಾಕಿಯ 25 ಜನ ವ್ಯಾಪಾರಿಗಳು. ಅಂದರೆ ದ್ವೀಪದ ಮನೆಗಳ ಮಾಲೀಕರು ಇವರು, ಒಳಗಿದ್ದ ವಿದೇಶಿಯರು ಬಾಡಿಗೆದಾರರು. 1639ರಲ್ಲಿ ಪೋರ್ಚುಗೀಸರನ್ನು ದೇಶದಿಂದಲೇ ಓಡಿಸಿದರು. ದ್ವೀಪ ಖಾಲಿ ಬಿತ್ತು, ಮಾಲೀಕರಿಗೆ ಬಾಡಿಗೆ ನಿಂತಿತು.

ಆಗ ಡಚ್ಚರು ಇದ್ದದ್ದು ಹಿರಾದೋ ಅನ್ನುವ ಬೇರೆ ಊರಿನಲ್ಲಿ. ಅಲ್ಲಿ ಅವರು 1639ರಲ್ಲಿ ದೊಡ್ಡ ಕಲ್ಲಿನ ಗೋದಾಮು ಕಟ್ಟಿ, ಮುಂಭಾಗದಲ್ಲಿ ಮೇಲೆ ಕ್ರಿಸ್ತಶಕದ ಇಸವಿ ಕೆತ್ತಿಸಿದ್ದರು. ಕ್ರಿಸ್ತನ ಹೆಸರಿನ ಲೆಕ್ಕ ಇಲ್ಲಿ ಯಾಕೆ ಅಂತ ತಕರಾರು ಬಂತು. 1640ರಲ್ಲಿ ಆ ಕಟ್ಟಡ ಕೆಡವಿಸಿದರು. ಮರುವರ್ಷ ಡಚ್ಚರನ್ನು ಗಂಟುಮೂಟೆ ಸಮೇತ ದೆಜಿಮಾಕ್ಕೆ ಕಳಿಸಿದರು. ವರ್ಷಕ್ಕೆ 55 ಕಾನ್ ಬೆಳ್ಳಿ ಬಾಡಿಗೆ (ಕಾನ್ ಅನ್ನುವುದು ಜಪಾನಿನ ತೂಕದ ಅಳತೆ). ಪೋರ್ಚುಗೀಸರು 80 ಕೊಡುತ್ತಿದ್ದರಂತೆ, ಡಚ್ಚರು ಚೌಕಾಸಿ ಮಾಡಿ ಇಳಿಸಿದರು.

ದ್ವೀಪದ ಆಕಾರ ಬೀಸಣಿಗೆಯದು. ಜಪಾನನ್ನು ಆಳುತ್ತಿದ್ದ ಸೇನಾ ಮುಖ್ಯಸ್ಥ ಶೋಗುನ್‌ನನ್ನು ಯಾವ ಆಕಾರದಲ್ಲಿ ಕಟ್ಟಬೇಕು ಅಂತ ಕೇಳಿದಾಗ ಅವನು ತನ್ನ ಬೀಸಣಿಗೆ ಬಿಚ್ಚಿ ತೋರಿಸಿದ ಅನ್ನುವ ಕತೆ ಇದೆ. ನನ್ನ ಅಂದಾಜು, ದಂಡೆ ಹೇಗೆ ಬಾಗಿತ್ತೋ ಹಾಗೆ ಮಣ್ಣು ತುಂಬಿರುತ್ತಾರೆ. ಕೆರೆ ಅಂಚಿನ ಹೊಲ ಅಳೆದವರಿಗೆ ಈ ಬಾಗು ಗೊತ್ತು. ಊರ ಕಡೆಯದು ಚಿಕ್ಕ ಬಾಗು, ನೀರಿನ ಕಡೆಯದು ದೊಡ್ಡ ಬಾಗು. ಈ ಆಕಾರ ಎಷ್ಟು ಸರಿ ಬಂದಿದೆ ಅಂತ ನೋಡಿದರೆ ಸಾಕು, ನಕ್ಷೆ ಬರೆದವನ ಶ್ರದ್ಧೆ ಅರ್ಧ ತಿಳಿಯುತ್ತದೆ.

ಈಗ ನನ್ನ ಮೆಚ್ಚಿನ ಮನುಷ್ಯನಿಗೆ ಬರುತ್ತೇನೆ. ಎಂಗೆಲ್‌ಬರ್ಟ್ ಕೆಂಪ್‌ಫರ್, ಜರ್ಮನ್ ವೈದ್ಯ. 1690ರಿಂದ 1692ರವರೆಗೆ ಡಚ್ ಕಂಪನಿಯ ಡಾಕ್ಟರಾಗಿ ದೆಜಿಮಾದಲ್ಲಿದ್ದ. ಈತ ದ್ವೀಪವನ್ನು ತಾನೇ ನಡೆದು ಅಳೆದ. ಅಗಲ 82 ಹೆಜ್ಜೆ, ಉದ್ದದ ಬದಿ 236 ಹೆಜ್ಜೆ ಅಂತ ಬರೆದಿಟ್ಟ. ನಾನು ಕೂತು ಲೆಕ್ಕ ಹಾಕಿದೆ. 70 ಮೀಟರಿಗೆ 82 ಹೆಜ್ಜೆ ಅಂದರೆ ಹೆಜ್ಜೆಗೆ ಸುಮಾರು 85 ಸೆಂಟಿಮೀಟರ್. ಅದೇ ಹೆಜ್ಜೆಯಲ್ಲಿ 236 ಅಂದರೆ 201 ಮೀಟರ್. ಅದು 190ಕ್ಕೂ 233ಕ್ಕೂ ನಡುವೆ ಬೀಳುತ್ತದೆ. ಕಡಲ ಅಂಚಿನ ಗುಂಟ ನೇರ ನಡೆಯಲು ಬಿಟ್ಟಿರಲಿಕ್ಕಿಲ್ಲ, ಮನೆ, ಬೇಲಿ ಎಲ್ಲ ಅಡ್ಡ. ಅವನು ಒಳಗಿನ ಬೀದಿ ಹಿಡಿದು ಅಳೆದಿರಬೇಕು ಅಂತ ನನಗೆ ಅನ್ನಿಸುತ್ತದೆ. ಮುನ್ನೂರು ವರ್ಷದ ಹಿಂದೆ ಒಬ್ಬ ಮನುಷ್ಯ ಆ ಬೀದಿಯಲ್ಲಿ ಬಾಯಲ್ಲಿ ಎಣಿಸುತ್ತ ನಡೆದದ್ದು ಈ ಎರಡು ಅಂಕಿಗಳಲ್ಲಿ ಉಳಿದಿದೆ. ಚೈನು ಎಳೆದು ಬದುಕುವ ನನ್ನಂಥವನಿಗೆ ಇದಕ್ಕಿಂತ ದೊಡ್ಡ ಸಂತೋಷ ಇಲ್ಲ.

ಇನ್ನೊಂದು ವಿಷಯ ಕೇಳಿ. ಡಚ್ ಕೋಠಿಯ, ಅಂದರೆ ವ್ಯಾಪಾರದ ನೆಲೆಯ, ಮುಖ್ಯಸ್ಥ ಆಗ ವರ್ಷಕ್ಕೊಮ್ಮೆ ಎದೋ ಪಟ್ಟಣಕ್ಕೆ, ಅಂದರೆ ಇವತ್ತಿನ ಟೋಕಿಯೋಗೆ, ಶೋಗುನ್‌ಗೆ ಕಾಣಿಕೆ ಒಪ್ಪಿಸಲು ಹೋಗಬೇಕಿತ್ತು. ಕೆಂಪ್‌ಫರ್ ಎರಡು ಸಲ ಜೊತೆಗೆ ಹೋದ. ದಾರಿಯಲ್ಲಿ ಅಳತೆ ಮಾಡುವ ಹಾಗಿಲ್ಲ, ಸುತ್ತ ಕಾವಲು. ಈತ ಜಾವಾದಿಂದ ತಂದ ತೊಗಟೆಯ ಪೆಟ್ಟಿಗೆಯೊಳಗೆ ದೊಡ್ಡ ದಿಕ್ಸೂಚಿ ಬಚ್ಚಿಟ್ಟ. ಮೇಲೆ ಎಲೆ, ಹೂವು, ಟೊಂಗೆ ತುಂಬಿದ. ಮಸಿಕುಡಿಕೆಯನ್ನು ಮಾತ್ರ ಎಲ್ಲರಿಗೂ ಕಾಣುವ ಹಾಗೆ ಇಟ್ಟ. ನೋಡುವವರಿಗೆ, ಗಿಡಮೂಲಿಕೆ ಹುಚ್ಚಿನ ಡಾಕ್ಟರು ಏನೋ ಬರೆದುಕೊಳ್ಳುತ್ತಿದ್ದಾನೆ ಅಂತ ಕಾಣಬೇಕು. ಅವನು ಬರೆದುಕೊಳ್ಳುತ್ತಿದ್ದದ್ದು ರಸ್ತೆಯ ದಿಕ್ಕು, ಗುಡ್ಡದ ದಿಕ್ಕು, ಕರಾವಳಿಯ ತಿರುವು. ಅವನಿಗೆ ಒಳಗಿನ ಮಾಹಿತಿ, ಪುಸ್ತಕ, ನಕ್ಷೆ ತಂದುಕೊಟ್ಟವನು ಇಮಾಮುರಾ ಗೆನ್‌ಎಮೋನ್ ಅನ್ನುವ ಜಪಾನಿ ಯುವಕ. ಕೆಂಪ್‌ಫರ್ ಅವನಿಗೆ ಡಚ್ ಭಾಷೆ, ಔಷಧಿ ವಿದ್ಯೆ ಕಲಿಸಿದ, ಅವನು ತನ್ನ ದೇಶದ ವಿಷಯ ತಿಳಿಸಿದ. ಸಿಕ್ಕಿಬಿದ್ದಿದ್ದರೆ ಆ ಹುಡುಗನ ಗತಿ ಏನಾಗುತ್ತಿತ್ತು ಅಂತ ಯೋಚನೆ ಮಾಡಿದರೆ ಈಗಲೂ ಎದೆ ನಡುಗುತ್ತದೆ.

ಕೆಂಪ್‌ಫರ್‌ನ ವಿವರಣೆಯಲ್ಲಿ ಒಂದು ಸಣ್ಣ ಸಂಗತಿ ಇದೆ. ದ್ವೀಪದ ಸುತ್ತ ನೀರಿನಲ್ಲಿ 13 ಎತ್ತರದ ಕಂಬ ನೆಟ್ಟಿದ್ದರು. ಪ್ರತಿ ಕಂಬದ ತುದಿಗೆ ಒಂದು ಹಲಗೆ. ಇದನ್ನು ದಾಟಿ ಯಾವ ದೋಣಿಯೂ ದ್ವೀಪದ ಹತ್ತಿರ ಬರಬಾರದು ಅನ್ನುವ ಆಜ್ಞೆ ಅದರ ಮೇಲೆ. ಹಳೆಯ ನಕ್ಷೆ ಹಿಗ್ಗಿಸಿ ನೋಡುವಾಗ ನಾನು ಮೊದಲು ಹುಡುಕುವುದು ಈ ಕಂಬಗಳನ್ನು. ಮೇಲ್ನೋಟಕ್ಕೆ ಅವು ಕಾಣುವುದೇ ಇಲ್ಲ, ಕಾಗದದ ಮೇಲೆ ಬಿದ್ದ ಕಲೆಯೋ ಅನ್ನಬೇಕು. ಜೂಮ್ ಮಾಡಿದರೆ ಒಂದು ಸಣ್ಣ ಗೆರೆ, ಅದರ ತಲೆ ಮೇಲೆ ಇನ್ನೊಂದು ಅಡ್ಡ ಗೆರೆ. ಅಷ್ಟೇ. ಕೆಲವು ಚಿತ್ರಗಳಲ್ಲಿ ಸಾಲಾಗಿ ಸಿಗುತ್ತವೆ, ಕೆಲವದರಲ್ಲಿ ಇರುವುದೇ ಇಲ್ಲ. ಕಂಬ ಬರೆದವನಿಗೆ ಇದು ಬರೀ ಬಂದರಲ್ಲ, ಬೇಲಿ ಹಾಕಿದ ಜಾಗ ಅಂತ ಗೊತ್ತಿತ್ತು. ನಮ್ಮಲ್ಲೂ ಹಾಗೇ ಅಲ್ವಾ? ಹೊಲದ ನಕ್ಷೆಯಲ್ಲಿ ಬಾಂದುಕಲ್ಲು ಗುರುತಿಸದೆ ಬೆಳೆ, ಮರ, ಬಾವಿ ಎಷ್ಟು ಚಂದ ಬರೆದರೂ ಹದ್ದುಬಸ್ತಿಗೆ, ಅಂದರೆ ಗಡಿ ಗುರುತಿಸಲು, ಅದು ಉಪಯೋಗಕ್ಕೆ ಬರುವುದಿಲ್ಲ.

ಕೆಂಪ್‌ಫರ್ ತೀರಿಕೊಂಡ ಮೇಲೆ ಅವನ ಕಾಗದಪತ್ರಗಳನ್ನು ಲಂಡನ್ನಿನ ಹಾನ್ಸ್ ಸ್ಲೋನ್ ಅನ್ನುವ ಸಂಗ್ರಹಕಾರ ಕೊಂಡುಕೊಂಡ. ಪುಸ್ತಕ 1727ರಲ್ಲಿ ಇಂಗ್ಲಿಷಿನಲ್ಲಿ ಬಂತು. ಅದರಲ್ಲಿ ನಾಗಸಾಕಿ ಬಂದರಿನ ನಕ್ಷೆ, ದೆಜಿಮಾದ ನಕ್ಷೆ ಎರಡೂ ಇವೆ. ಅಲ್ಲಿಂದ ಮುಂದೆ ನಕಲು ಶುರು. ಫ್ರಾನ್ಸಿನ ಬೆಲಿನ್ ಅನ್ನುವ ಪ್ರಸಿದ್ಧ ನಕ್ಷೆಗಾರ 1750ರ ದಶಕದಲ್ಲಿ ನಾಗಸಾಕಿಯ ನಕ್ಷೆ ಅಚ್ಚು ಹಾಕಿದ. ಬಹಳ ಅಂದವಾದ ನಕ್ಷೆ, ಇವತ್ತಿಗೂ ಹಳೆಯ ನಕ್ಷೆ ಮಾರುವವರ ಹತ್ತಿರ ಸಿಗುತ್ತದೆ. ಮೂಲ ಮಾತ್ರ ಕೆಂಪ್‌ಫರನದೇ. ಇದಕ್ಕೂ ಮುಂಚೆ, 1669ರಲ್ಲಿ, ಅರ್ನೊಲ್ಡಸ್ ಮೊಂಟಾನಸ್ ಅನ್ನುವ ಡಚ್ ಪಾದ್ರಿ ಜಪಾನಿನ ಬಗ್ಗೆ ಚಿತ್ರ ತುಂಬಿದ ದಪ್ಪ ಪುಸ್ತಕ ತಂದಿದ್ದ. ಆತ ಜಪಾನಿಗೆ ಕಾಲಿಟ್ಟವನೇ ಅಲ್ಲ. ಅದೇ ಕಾಲದಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಕೂತು ವಿಂಗ್‌ಬೋನ್ಸ್ ಅನ್ನುವ ಕಲಾವಿದ ಕಂಪನಿಯ ಬಂದರುಗಳನ್ನು ಒಂದಾದ ಮೇಲೊಂದು ಜಲವರ್ಣದಲ್ಲಿ ಬರೆದ. ಹಡಗಿನವರು ತಂದುಕೊಟ್ಟ ಕರಡುಗಳೇ ಅವನ ಕಣ್ಣು. ನೀರಿನ ಬಣ್ಣ, ಮೋಡ, ಮುಂದೆ ತೇಲುವ ಹಡಗು ಎಲ್ಲ ಎಷ್ಟು ಸೊಗಸು! ಕಂಪನಿಯ ದೊಡ್ಡವರ ಗೋಡೆಗೆ ಬೇಕಾಗಿದ್ದದ್ದು ಇಂಥದ್ದೇ. ನಾನು ಅವನ್ನು ಕಡೆಗಣಿಸುವುದಿಲ್ಲ. ಆದರೆ ಅಳತೆ ಕೇಳಬೇಕಾದರೆ ಡಾಕ್ಟರನ ಹೆಜ್ಜೆಯನ್ನೇ ಕೇಳುತ್ತೇನೆ.

ಇಲ್ಲಿಯವರೆಗೆ ಹೇಳಿದ್ದು ಯುರೋಪಿನವರ ಕತೆ. ನನ್ನನ್ನು ದೆಜಿಮಾಕ್ಕೆ ಕಟ್ಟಿಹಾಕಿದ್ದು ಇನ್ನೊಂದು ಕಡೆಯ ಚಿತ್ರಗಳು.

ನಾಗಸಾಕಿಯ ಜನ ಸುಮ್ನೆ ಕೂರಲಿಲ್ಲ. ಅವರೂ ಬರೆದರು. ಮರದ ಅಚ್ಚಿನಲ್ಲಿ ಚಿತ್ರ ಒತ್ತಿ ಮಾರುವ ಅಂಗಡಿಗಳು ಊರಲ್ಲಿದ್ದವು. ಬೇರೆ ಊರಿಂದ ಬಂದವರು ನೆನಪಿಗೆ ಅಂತ ಕೊಂಡೊಯ್ಯುತ್ತಿದ್ದರು. ಡಚ್ ಹಡಗು, ಕೆಂಪು ಕೂದಲಿನ ಮನುಷ್ಯ, ಅವನ ಹಿಂದೆ ಕೊಡೆ ಹಿಡಿದ ಆಳು, ನಾಯಿ, ಗಾಜಿನ ಲೋಟ. ಮತ್ತೆ ದ್ವೀಪದ ನಕ್ಷೆ. 1780ರಲ್ಲಿ ತೊಶಿಮಾಯಾ ಅನ್ನುವ ಅಂಗಡಿಯವರು ಹಾಕಿದ ಒಂದು ದೊಡ್ಡ ಅಚ್ಚು ಇದೆ, ಹಕ್ಕಿ ಮೇಲಿಂದ ನೋಡಿದಂತೆ ಇಡೀ ದ್ವೀಪ. ಮನೆ ಮನೆಯೂ ಬೇರೆಯಾಗಿ ಕಾಣುತ್ತದೆ. ಬೀದಿ, ತೋಟ, ಬೇಲಿ, ಸೇತುವೆ, ಎಲ್ಲವೂ ತನ್ನ ತನ್ನ ಜಾಗದಲ್ಲಿ.

ಆಗ ದ್ವೀಪದಲ್ಲಿ ಡಚ್ ಮುಖ್ಯಸ್ಥನಾಗಿದ್ದವನು ಐಸಾಕ್ ಟಿಟ್ಸಿಂಗ್. ಜಪಾನಿನ ಬಗ್ಗೆ ಬಹಳ ತಿಳಿದುಕೊಂಡವನು, ನಂತರ ಬಂಗಾಳದ ಚಿನ್ಸುರಾದಲ್ಲೂ ಕಂಪನಿಯ ಮುಖ್ಯಸ್ಥನಾಗಿದ್ದ. ಅವನು ಸತ್ತ ಎಷ್ಟೋ ವರ್ಷದ ಮೇಲೆ, 1824–25ರಲ್ಲಿ, ಅವನ ಬರಹಗಳು ಡಚ್ ಭಾಷೆಯಲ್ಲಿ ಪುಸ್ತಕವಾಗಿ ಬಂದವು. ಅದರಲ್ಲಿ ದೆಜಿಮಾದ ಒಂದು ನೋಟ ಇದೆ. ದೆಜಿಮಾ ಅಂತ ನೆಟ್ಟಿನಲ್ಲಿ ಹುಡುಕಿದರೆ ಎಲ್ಲಕ್ಕಿಂತ ಮುಂಚೆ ಕಣ್ಣಿಗೆ ಬೀಳುವ ಚಿತ್ರಗಳಲ್ಲಿ ಅದೂ ಒಂದು. ಡಚ್ ಪುಸ್ತಕ, ಡಚ್ ದ್ವೀಪ, ಡಚ್ ಮುಖ್ಯಸ್ಥ. ಆದರೆ ಚಿತ್ರ ತೊಶಿಮಾಯಾ ಅಂಗಡಿಯ 1780ರ ಅಚ್ಚಿನ ನಕಲು!

ಇದು ನನಗೆ ಬಹಳ ದೊಡ್ಡ ಮಾತು. ಒಳಗೆ ಬದುಕಿದವರ ಪುಸ್ತಕಕ್ಕೆ ಹೊರಗೆ ನಿಂತು ನೋಡಿದ ಊರವರ ಚಿತ್ರವೇ ಬೇಕಾಯಿತು. ಒಳಗಿದ್ದವನಿಗೆ ಕಾಣುವುದು ತನ್ನ ಮನೆ, ಎದುರಿನ ಗೋದಾಮು, ಗೇಟು. ಇಡೀ ದ್ವೀಪವನ್ನು ಒಂದೇ ನೋಟಕ್ಕೆ ತೆಗೆದುಕೊಳ್ಳಬೇಕಾದರೆ ಎದುರಿನ ಗುಡ್ಡದ ಮೇಲೆ ನಿಲ್ಲಬೇಕು, ಇಲ್ಲವೇ ಆ ಜಾಗವನ್ನು ಕಟ್ಟಿದ, ರಿಪೇರಿ ಮಾಡಿದ, ದಿನಾ ಒಳಗೆ ಹೊರಗೆ ಓಡಾಡಿದ ಜನರ ಕಣ್ಣು ಬೇಕು. ಗೇಟಿನ ಕೀಲಿ ಊರವರ ಕೈಯಲ್ಲಿತ್ತು. ಸೇತುವೆ ಹತ್ತಿರ ಹಾಕಿದ ಹಲಗೆಯಲ್ಲಿ ಯಾರು ಒಳಗೆ ಹೋಗಬಾರದು ಅಂತ ಬರೆದಿತ್ತು. ವೇಶ್ಯೆಯರನ್ನು ಬಿಟ್ಟು ಬೇರೆ ಹೆಂಗಸರಿಗೆ ಪ್ರವೇಶ ಇಲ್ಲ, ಭಿಕ್ಷುಕರಿಗೆ ಇಲ್ಲ. ಡಚ್ಚರು ಬೇಕೆಂದಾಗ ಹೊರಗೆ ಬರುವ ಹಾಗಿಲ್ಲ. ಒಳಗೆ ಇದ್ದದ್ದು ಹತ್ತಿಪ್ಪತ್ತು ಜನ ಡಚ್ಚರು. ಅವರನ್ನು ನೋಡಿಕೊಳ್ಳಲು ದುಭಾಷಿಗಳು, ಕಾವಲಿನವರು, ಗುಮಾಸ್ತರು ಅಂತ ಅದಕ್ಕಿಂತ ಎಷ್ಟೋ ಪಟ್ಟು ಜನ ಜಪಾನಿಯರು.

ಊರ ಚಿತ್ರಕಾರರಲ್ಲಿ ದೊಡ್ಡ ಹೆಸರು ಕವಾಹಾರಾ ಕೇಗಾ. 1823ರಲ್ಲಿ ದೆಜಿಮಾಕ್ಕೆ ಡಾಕ್ಟರಾಗಿ ಬಂದ ಸೀಬೋಲ್ಡ್ ಅನ್ನುವ ಜರ್ಮನ್ ಇವನಿಂದ ಗಿಡ, ಮೀನು, ಮನುಷ್ಯರ ಚಿತ್ರ ಬರೆಸಿದ. ಡಚ್ ಕೋಠಿಯೊಳಗಿನ ದಿನಚರಿಯನ್ನೂ ಕೇಗಾ ಬರೆದಿದ್ದಾನೆ. ಸರಕು ತೂಗುವುದು, ಊಟದ ಮೇಜು, ಬಿಲಿಯರ್ಡ್ಸ್ ಆಟ. ಒಂದು ಚಿತ್ರದಲ್ಲಿ ತಕ್ಕಡಿಯ ಸುತ್ತ ನಿಂತವರನ್ನು ಗಮನಿಸಿ ನೋಡಿದರೆ ಡಚ್ಚನ ಕಣ್ಣು ತೂಕದ ಮೇಲೆ, ಜಪಾನಿ ಗುಮಾಸ್ತನ ಕಣ್ಣು ಪುಸ್ತಕದ ಮೇಲೆ ಅನ್ನಿಸುತ್ತದೆ. ಎಪಿಎಂಸಿ ಯಾರ್ಡಿನಲ್ಲಿ ತೊಗರಿ ಚೀಲ ತೂಗುವಾಗ ನಿಂತು ನೋಡಿದ ಕಲಬುರಗಿ ಕಡೆಯವರಿಗೆ ಈ ಚಿತ್ರ ವಿವರಿಸುವ ಅಗತ್ಯವೇ ಇಲ್ಲ.

1817ರಲ್ಲಿ ಮುಖ್ಯಸ್ಥನಾಗಿ ಬಂದ ಬ್ಲೋಮ್‌ಹೋಫ್ ಹೆಂಡತಿ ಟಿಟಿಯಾಳನ್ನೂ ಪುಟ್ಟ ಮಗನನ್ನೂ ಕರೆತಂದ. ಯುರೋಪಿನ ಹೆಂಗಸು ದ್ವೀಪದಲ್ಲಿ ಇರಬಾರದು ಅನ್ನುವುದು ನಿಯಮ. ಕೆಲವು ತಿಂಗಳಲ್ಲಿ ತಾಯಿ, ಮಗು ವಾಪಸ್ಸು ಹೋಗಬೇಕಾಯಿತು. ಗಂಡನನ್ನು ಅವಳು ಮತ್ತೆ ನೋಡಲೇ ಇಲ್ಲ. ಆ ಕೆಲವೇ ತಿಂಗಳಲ್ಲಿ ನಾಗಸಾಕಿಯ ಚಿತ್ರಕಾರರು ಅವಳನ್ನು ಬರೆದದ್ದಕ್ಕೆ ಲೆಕ್ಕ ಇಲ್ಲ. ಅಚ್ಚುಗಳಲ್ಲಿ, ಪಿಂಗಾಣಿ ಮೇಲೆ, ಗೊಂಬೆಗಳಲ್ಲಿ ಅವಳ ರೂಪ ಬಂತು.

ನಕ್ಷೆ ಬರೆಯುವುದು ಅಪಾಯದ ಕೆಲಸವೂ ಆಗಿತ್ತು. ಇನೋ ತದತಕಾ ಅಂತ ಒಬ್ಬ. ಸಾಕೆ ಹೆಂಡದ ವ್ಯಾಪಾರಿ. ಸುಮಾರು 50ನೇ ವಯಸ್ಸಿನಲ್ಲಿ ವ್ಯಾಪಾರ ಮಗನಿಗೆ ಬಿಟ್ಟು ಖಗೋಳ, ಮಾಪನ ಕಲಿಯಲು ಹೊರಟ. 1800ರಿಂದ 1816ರವರೆಗೆ ಜಪಾನಿನ ಕರಾವಳಿಯನ್ನು ನಡೆದು ಅಳೆದ. ಅವನು 1818ರಲ್ಲಿ ತೀರಿಕೊಂಡ, ನಕ್ಷೆ 1821ಕ್ಕೆ ಮುಗಿಯಿತು. ಅಷ್ಟು ನಿಖರವಾದ ನಕ್ಷೆ ಜಪಾನಿನಲ್ಲಿ ಅದಕ್ಕೆ ಮುಂಚೆ ಇರಲಿಲ್ಲ. ಸರ್ಕಾರ ಅದನ್ನು ಗುಟ್ಟಾಗಿ ಇಟ್ಟಿತು. ಸರ್ಕಾರದ ಖಗೋಳಶಾಸ್ತ್ರಜ್ಞ ತಕಾಹಾಶಿ ಕಗೆಯಾಸು ಅದರ ನಕಲನ್ನು ಸೀಬೋಲ್ಡ್‌ಗೆ ಕೊಟ್ಟ. ಬದಲಿಗೆ ಅವನಿಂದ ವಿದೇಶಿ ಪುಸ್ತಕ ಪಡೆದ. 1828ರಲ್ಲಿ ವಿಷಯ ಬಯಲಾಯಿತು. ತಕಾಹಾಶಿ ಜೈಲಿನಲ್ಲೇ ಸತ್ತ. ಶಿಕ್ಷೆ ಓದಿ ಹೇಳುವವರೆಗೆ ಅವನ ಹೆಣವನ್ನು ಉಪ್ಪಿನಲ್ಲಿ ಇಟ್ಟಿದ್ದರು. ಸೀಬೋಲ್ಡ್‌ನನ್ನು 1829ರಲ್ಲಿ ಗಡೀಪಾರು ಮಾಡಿದರು. ಕೇಗಾನನ್ನೂ ಬಿಡಲಿಲ್ಲ. ಆಗ ಒಮ್ಮೆ ಶಿಕ್ಷೆ ಆಯಿತು. ಮತ್ತೆ 1842ರಲ್ಲಿ, ನಾಗಸಾಕಿ ಬಂದರಿನ ಚಿತ್ರದಲ್ಲಿ ಕಾವಲು ದೋಣಿಗಳ ಮೇಲಿದ್ದ ಮನೆತನದ ಲಾಂಛನ ಬರೆದ ಅನ್ನುವ ಕಾರಣಕ್ಕೆ ಅವನನ್ನು ಊರು ಬಿಡಿಸಿದರು. ಕಂಡದ್ದನ್ನು ಕಂಡ ಹಾಗೆ ಬರೆದದ್ದೇ ಅವನ ಅಪರಾಧ.

ಇನೋ ಅಲ್ಲಿ ಕರಾವಳಿ ಅಳೆಯುತ್ತಿದ್ದ ಅದೇ ವರ್ಷಗಳಲ್ಲಿ ನಮ್ಮ ಬೀದರಿನ ನೆಲವನ್ನೂ ಒಬ್ಬ ಅಳೆಯುತ್ತಿದ್ದ. ವಿಲಿಯಂ ಲ್ಯಾಂಬ್ಟನ್. ಮದ್ರಾಸಿನಲ್ಲಿ 1802ರಲ್ಲಿ ಶುರುವಾದ ಮಹಾ ತ್ರಿಕೋನಮಾಪನ ಸರ್ವೆ ಕನ್ಯಾಕುಮಾರಿಯಿಂದ ಉತ್ತರಕ್ಕೆ ಏರುತ್ತ 1815ರಲ್ಲಿ ಬೀದರ್ ಸೀಮೆಗೆ ಬಂತು. ಇಲ್ಲಿ ಒಂದು ಬೇಸ್ ಲೈನ್, ಅಂದರೆ ಆಧಾರದ ಗೆರೆ, ಅಳೆದರು. ತ್ರಿಕೋನಗಳ ಇಡೀ ಸರಣಿ ಸರಿ ಇದೆಯಾ ಅಂತ ಪರೀಕ್ಷೆ ಮಾಡುವುದು ಇಂಥ ಗೆರೆಯ ಮೇಲೆ. ನೆಲದ ಮೇಲೆ ಉಕ್ಕಿನ ಸರಪಳಿ ಇಟ್ಟು ಇಂಚು ಇಂಚೂ ಅಳೆಯಬೇಕು, ಬಿಸಿಲಿಗೆ ಸರಪಳಿ ಹಿಗ್ಗಿದ್ದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 1841ರಲ್ಲಿ ಆಂಡ್ರ್ಯೂ ವಾ ಲೋಹದ ಪಟ್ಟಿಗಳನ್ನು ಇಟ್ಟು ಬೀದರಿನಲ್ಲಿ ಮತ್ತೆ ಬೇಸ್ ಲೈನ್ ಅಳೆದ. ಸರ್ವೆ ಇತಿಹಾಸದಲ್ಲಿ ಬೀದರ್ ಅಂದರೆ ಈ ಗೆರೆ. ನಮ್ಮೂರಲ್ಲಿ ಕೋಟೆ ಗೊತ್ತು, ಗವಾನ್ ಮದರಸಾ ಗೊತ್ತು, ಬಿದ್ರಿ ಗೊತ್ತು. ಇದು ಎಷ್ಟು ಜನಕ್ಕೆ ಗೊತ್ತು?

ಎರಡನ್ನೂ ಪಕ್ಕಪಕ್ಕ ಇಟ್ಟಾಗ ನನಗೆ ಕಾಣುವ ವ್ಯತ್ಯಾಸ ಇದು. ಅಲ್ಲಿ ಡಾಕ್ಟರು ದಿಕ್ಸೂಚಿಯನ್ನು ಹೂವಿನ ಕೆಳಗೆ ಬಚ್ಚಿಡಬೇಕಿತ್ತು. ಇಲ್ಲಿ ಇಂಗ್ಲಿಷ್ ಕಂಪನಿಯ ಪರವಾಗಿ ಬಂದ ಬ್ರಿಟಿಷ್ ಸೇನಾಧಿಕಾರಿ ಹಾಡುಹಗಲು ಗೋಪುರ ಕಟ್ಟಿ, ಗುಡ್ಡ ಗುಡ್ಡಕ್ಕೂ ಬಾವುಟ ನೆಟ್ಟು ಅಳೆದ. ಅಲ್ಲಿ ಅಳೆಯಬೇಕೋ ಬೇಡವೋ ಅನ್ನುವುದು ಊರವರ ಕೈಯಲ್ಲಿತ್ತು, ಮತ್ತು ಅವರು ತಾವೂ ಅಳೆದರು, ತಾವೂ ಬರೆದರು. ಬೀದರ್ ಕೋಟೆಯ ಬಂಡೆಯಲ್ಲಿ ಕಡಿದ ಮೂರು ಪದರದ ಕಂದಕ, ಒಳಗಿನ ಮಹಲು, ಊರಿನ ಕಾರೇಜ್ ನೀರಿನ ಸುರಂಗ ಇವೆಲ್ಲ ಕಟ್ಟಿದವರು ಅಳತೆ ಗೊತ್ತಿಲ್ಲದವರಲ್ಲ. ನೆಲದೊಳಗೆ ಇಳಿಜಾರು ಹಿಡಿದು ನೀರು ಹರಿಸುವುದು ಸುಲಭದ ವಿದ್ಯೆಯಾ? ಆ ಅಳತೆಗಾರರ ಕೈಬರಹದ ನಕ್ಷೆ ಎದುರಿಗಿಟ್ಟು ನೋಡುವ ಆಸೆ ನನಗೆ ಇದ್ದೇ ಇದೆ.

ದೆಜಿಮಾ ನಮಗೆ ಪೂರ್ತಿ ದೂರದ್ದೂ ಅಲ್ಲ. ಡಚ್ಚರ ಏಷ್ಯಾ ವ್ಯಾಪಾರ ಒಂದಕ್ಕೊಂದು ಕೊಂಡಿ ಹಾಕಿಕೊಂಡಿತ್ತು. ಕೋರಮಂಡಲದಿಂದ ಹತ್ತಿ ಬಟ್ಟೆ, ಬಂಗಾಳದಿಂದ ರೇಷ್ಮೆ, ಬಟಾವಿಯಾದಿಂದ ಸಕ್ಕರೆ, ಸಯಾಮಿನಿಂದ (ಇವತ್ತಿನ ಥಾಯ್ಲೆಂಡ್) ಜಿಂಕೆ ಚರ್ಮ ಹೊತ್ತ ಹಡಗು ನೈಋತ್ಯ ಗಾಳಿ ಹಿಡಿದು ಮಳೆಗಾಲದಲ್ಲಿ ನಾಗಸಾಕಿಗೆ ಬರುತ್ತಿತ್ತು. ವಾಪಸ್ಸು ಒಯ್ಯುತ್ತಿದ್ದದ್ದು ಮೊದಲು ಬೆಳ್ಳಿ. 1668ರಲ್ಲಿ ಜಪಾನ್ ಬೆಳ್ಳಿ ಕೊಡುವುದನ್ನು ನಿಲ್ಲಿಸಿದ ಮೇಲೆ ಮುಖ್ಯ ಸರಕು ತಾಮ್ರ. ಆ ತಾಮ್ರದ ಗಟ್ಟಿಗಳು ಸೂರತ್‌ಗೂ ಕೋರಮಂಡಲದ ಬಂದರುಗಳಿಗೂ ಬಂದು ಇಲ್ಲಿಯ ಕಾಸಿಗೆ, ಪಾತ್ರೆಗೆ ಕರಗುತ್ತಿದ್ದವು. ಪಶ್ಚಿಮ ದಡದಲ್ಲಿ ಆದಿಲ್‌ಶಾಹಿಗಳ ವೆಂಗುರ್ಲಾ ಬಂದರಿನಲ್ಲಿ ಡಚ್ಚರು 1637ರಲ್ಲಿ ಕೋಠಿ ಹಾಕಿದರು. ಅದೇ ವರ್ಷ ಯೊಹಾನ್ ಫಾನ್ ಟ್ವಿಸ್ಟ್ ಅನ್ನುವ ರಾಯಭಾರಿ ವಿಜಯಪುರದ ದರ್ಬಾರಿಗೆ ಬಂದ. ಆಗ ಬೀದರ್ ಕೂಡ ವಿಜಯಪುರದ ಕೈಕೆಳಗೆ ಇತ್ತು. ನಾಗಸಾಕಿಯಲ್ಲಿ ದ್ವೀಪದ ಮಣ್ಣು ಇನ್ನೂ ಹಸಿ ಇದ್ದ ಕಾಲ ಅದು.

ನೀವೂ ಈ ನಕ್ಷೆಗಳನ್ನು ನೋಡುವುದಾದರೆ ಕಾಲ ಗುರುತಿಸೋಕೆ ಕೆಲವು ಗುರುತು ಹೇಳುತ್ತೇನೆ. ಪಶ್ಚಿಮದ ತುದಿಯಲ್ಲಿ ನೀರಿನ ಗೇಟು, ಹಡಗಿನ ಸರಕು ಬರುವ ಹೋಗುವ ಜಾಗ. ಅದರ ಹತ್ತಿರದ ದೊಡ್ಡ ಮನೆ ಮುಖ್ಯಸ್ಥನದು. ಪೂರ್ವಕ್ಕೆ ತೋಟ, ದನ, ಹಂದಿ. ಉತ್ತರದ ಬಾಗಿನ ನಡುವೆ ಊರಿಗೆ ಹೋಗುವ ಒಂದೇ ಸೇತುವೆ. 1798ರಲ್ಲಿ ದೊಡ್ಡ ಬೆಂಕಿ ಬಿದ್ದು ಮುಖ್ಯಸ್ಥನ ಮನೆ ಸಮೇತ ಬಹಳಷ್ಟು ಸುಟ್ಟುಹೋಯಿತು. ಹೊಸ ಮನೆ ಮುಗಿದದ್ದು 1809ಕ್ಕೆ. ಹಾಗಾಗಿ ಆ ಮೂಲೆಯ ಛಾವಣಿಗಳನ್ನು ನೋಡಿದರೆ ಬೆಂಕಿಗೆ ಮುಂಚಿನದೋ ನಂತರದ್ದೋ ಅಂತ ಅಂದಾಜು ಮಾಡಬಹುದು. ಧ್ವಜಸ್ತಂಭದ ಬಾವುಟವನ್ನೂ ನೋಡಿ. ನೆಪೋಲಿಯನ್ ಕಾಲದಲ್ಲಿ ಡಚ್ ದೇಶವನ್ನೇ ಫ್ರಾನ್ಸ್ ನುಂಗಿದಾಗ, ಜಾವಾ ಬ್ರಿಟಿಷರ ಪಾಲಾದಾಗ, ಹೆಂಡ್ರಿಕ್ ದೂಫ್ ಅನ್ನುವ ಮುಖ್ಯಸ್ಥ ಇಲ್ಲಿ ಡಚ್ ಬಾವುಟ ಇಳಿಸಲಿಲ್ಲ. ಹಡಗು ಬಾರದೆ ವರ್ಷಗಟ್ಟಲೆ ನಾಗಸಾಕಿಯವರ ಸಾಲದ ಮೇಲೆ ಬದುಕಿದರು.

1859ರಲ್ಲಿ ನಾಗಸಾಕಿ ಬೇರೆ ದೇಶಗಳಿಗೂ ತೆರೆದ ಮೇಲೆ ದ್ವೀಪಕ್ಕೆ ಕೆಲಸ ಉಳಿಯಲಿಲ್ಲ. ಸುತ್ತ ಮಣ್ಣು ತುಂಬುತ್ತ ಹೋದರು. 1880ರ ದಶಕದಲ್ಲಿ ನಕಾಶಿಮಾ ನದಿಯ ದಾರಿ ತಿರುಗಿಸುವಾಗ ಉತ್ತರದ ಅಂಚನ್ನೇ ಕೊರೆದು ತೆಗೆದರು. ಸೇತುವೆ, ಗೇಟು ಇದ್ದ ಜಾಗ ನದಿಯ ಪಾಲಾಯಿತು. 1904ರ ಬಂದರು ಕಾಮಗಾರಿ ಮುಗಿದಾಗ ಸಮುದ್ರವೇ ದೂರ ಹೋಗಿ ದೆಜಿಮಾ ಊರೊಳಗಿನ ಒಂದು ಬಡಾವಣೆ ಆಗಿಬಿಟ್ಟಿತು. 1922ರಲ್ಲಿ ರಾಷ್ಟ್ರೀಯ ಸ್ಮಾರಕ ಅಂತ ಘೋಷಣೆ ಮಾಡಿದರು. ಅಂಗಡಿ, ಮನೆಗಳನ್ನು ಒಂದೊಂದಾಗಿ ಕೊಂಡು ತೆರವು ಮಾಡಲು ದಶಕಗಳೇ ಹಿಡಿದವು.

ಮತ್ತೆ ಕಟ್ಟುವಾಗ ಹಳೆಯ ಚಿತ್ರಗಳೇ ಕೈಹಿಡಿದವು. ನೆಲ ಅಗೆದಾಗ ಸಿಕ್ಕ ಅಡಿಪಾಯದ ಕಲ್ಲು, ಊರ ಚಿತ್ರಕಾರರ ಸುರುಳಿಗಳು, ನೆದರ್ಲೆಂಡ್ಸಿನ ಲೈಡನ್ನಿನಲ್ಲಿ ಉಳಿದಿದ್ದ ಬ್ಲೋಮ್‌ಹೋಫ್ ಕಾಲದ ಮರದ ಮಾದರಿ ಎಲ್ಲವನ್ನೂ ಒಂದಕ್ಕೊಂದು ತಾಳೆ ನೋಡಿದರು. ಕಿಟಕಿ ಎಲ್ಲಿ, ಮೆಟ್ಟಿಲು ಯಾವ ಕಡೆ, ಛಾವಣಿ ಎಷ್ಟು ಎತ್ತರ ಅನ್ನುವುದಕ್ಕೆಲ್ಲ ಚಿತ್ರವೇ ಸಾಕ್ಷಿ. 2016ರ ಹೊತ್ತಿಗೆ 16 ಕಟ್ಟಡ ಮತ್ತೆ ಎದ್ದು ನಿಂತವು. 2017ರ ನವೆಂಬರಿನಲ್ಲಿ ಊರ ಕಡೆಗೆ ಹೊಸ ಸೇತುವೆ ಬಂತು. ಉತ್ತರದ ಅಂಚು ನದಿಯಲ್ಲಿ ಹೋಗಿರುವುದರಿಂದ ಈ ಸೇತುವೆ ಹಳೆಯದಕ್ಕಿಂತ ಬಹಳ ಉದ್ದ. ನಾಲ್ಕೂ ಕಡೆ ಮತ್ತೆ ನೀರು ತರಬೇಕು ಅನ್ನುವುದು ನಾಗಸಾಕಿ ನಗರದ ಮುಂದಿನ ಯೋಜನೆ.

ಬೀದರ್, ಕಲಬುರಗಿ, ಯಾದಗಿರಿ ಕಡೆಯ ಯಾರ ಮನೆಯಲ್ಲಾದರೂ ನಿಜಾಮರ ಕಾಲದ ಉರ್ದು ನಕ್ಷೆ, ಊರಿನ ಕೈಬರಹದ ಚಿತ್ರ, ಕೆರೆ ಬಾವಿ ಗುರುತಿಸಿದ ಹಳೆಯ ಕಾಗದ ಇದ್ದರೆ ದಯವಿಟ್ಟು ಒಂದು ಫೋಟೋ ತೆಗೆದಿಡಿ. ನೆರಳು ಬೀಳದ ಹಾಗೆ, ನೇರ ಮೇಲಿಂದ, ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟು ತೆಗೆಯಿರಿ. ಮಡಿಕೆ ಬಿಚ್ಚುವಾಗ ಅವಸರ ಮಾಡಬೇಡಿ, ಹಳೆಯ ಕಾಗದ ಮಡಿಕೆಯಲ್ಲೇ ಹರಿಯುತ್ತದೆ. ಹಿಂದುಗಡೆಯ ಫೋಟೋ ಕೂಡ ತೆಗೆಯಿರಿ. ಯಾರು, ಯಾವಾಗ, ಎಲ್ಲಿ ನಿಂತು ಬರೆದರು ಅನ್ನುವುದು ಬಹಳ ಸಲ ಅಲ್ಲೇ ಇರುತ್ತದೆ.